ನಿಮಗಿದು ಗೊತ್ತೇ? ಮೋಸಂಬಿಯ ಸಿಹಿ ಬುಡದಲ್ಲಿದೆ!

ಬೆಳಗಾವಿ ಬಳಿಯ ಹಿಂಡಲಗಾದ ಮನೆ ಹಿಂದೆ, ಖಾನಾಪುರದ ಕಾಡಂಚಿನ ತುಂಡು ಹೊಲದಲ್ಲಿ ನಾಲ್ಕು ಗುಂಟೆ ಬಿಡುವಿದ್ದರೂ ಮೋಸಂಬಿ, ಕಿತ್ತಳೆ ಬೆಳೆಯಬಹುದು. ಆದರೆ ಈ ಮರಗಳು ಟೊಂಗೆಗಿಂತ ಬುಡದ ಆರೈಕೆಯನ್ನೇ ಹೆಚ್ಚು ಕೇಳುತ್ತವೆ. ಹೇಗೆಂದು ನೋಡಿ.

● ಮೋಸಂಬಿ ಕಾಡಿನಲ್ಲಿ ತಾನಾಗಿ ಹುಟ್ಟಿದ ಜಾತಿಯಲ್ಲ. ಚಕ್ಕೋತ ಮತ್ತು ಸಡಿಲ ಸಿಪ್ಪೆಯ ಕಿತ್ತಳೆಯ ಬೆರಕೆಯಿಂದ ಬಂದ ಕುಲ ಅದು. ಆ ಎರಡೂ ಕಡೆಯ ಹೆಸರಾಂತ ತಳಿಗಳು ನಮ್ಮ ರಾಜ್ಯದಲ್ಲೇ ಇವೆ: ದೇವನಹಳ್ಳಿಯ ಚಕ್ಕೋತ, ಕೊಡಗಿನ ಕಿತ್ತಳೆ. ಎರಡಕ್ಕೂ ಜಿಐ ಮಾನ್ಯತೆಯಿದೆ.

● ಕಿತ್ತಳೆಯ ಒಂದೇ ಬೀಜದಿಂದ ಎರಡು-ಮೂರು ಮೊಳಕೆ ಬರುವುದುಂಟು. ಅವುಗಳಲ್ಲಿ ಹೆಚ್ಚಿನವು ತಾಯಿಮರದ ಪಡಿಯಚ್ಚು. ಚಕ್ಕೋತದ ಬೀಜಕ್ಕೆ ಮಾತ್ರ ಮೊಳಕೆ ಒಂದೇ. ಅದರ ಗಿಡ ತಾಯಿಯ ಗುಣವನ್ನೇ ಹೊತ್ತು ಬರುತ್ತದೆಂಬ ಭರವಸೆಯಿಲ್ಲ.

● ನರ್ಸರಿಯ ಮೋಸಂಬಿ ಸಸಿಯೆಂದರೆ ಎರಡು ಗಿಡಗಳ ಕೂಡಿಕೆ. ಮೇಲಿನದು ಮೋಸಂಬಿ, ಕೆಳಗಿನ ಬೇರು ರಂಗಪುರ ನಿಂಬೆ ಅಥವಾ ಜಂಬೇರಿಯದು. ಈಗಿನ ಬಾಂಗ್ಲಾದೇಶದಲ್ಲಿರುವ ರಂಗಪುರದ ಹೆಸರಿನ ಈ ಹುಳಿ ನಿಂಬೆಯ ಬೇರೇ ಬ್ರೆಜಿಲ್ ದೇಶವನ್ನೂ ಕಾಯಿತು. ಅಲ್ಲಿ ಟ್ರಿಸ್ಟೆಜಾ ವೈರಸ್‌ಗೆ ಲಕ್ಷಗಟ್ಟಲೆ ಮರ ಸತ್ತಾಗ ತೋಟಗಳು ಮತ್ತೆ ಎದ್ದದ್ದು ಇದರ ಮೇಲೆ.

● "ಮೊದಲು ಸಿಹಿಯಿತ್ತು, ಈಗ ಹುಳಿಯಾಗಿದೆ" ಎನ್ನುವ ಮರದಲ್ಲಿ ಮೊದಲು ನೋಡಬೇಕಾದ್ದು ಕಸಿಗಂಟಿನ ಕೆಳಭಾಗ. ಅಲ್ಲಿಂದ ಚಿಗುರಿದ್ದು ಬೇರುಗಿಡದ ಕೊಂಬೆ, ಅದರ ಹಣ್ಣು ಹುಳಿಯೇ. ಎಳೆಯದಿರುವಾಗಲೇ ಕಿತ್ತುಹಾಕಿ. ನೆಡುವಾಗ ಕಸಿಗಂಟು ಮಣ್ಣಿನಿಂದ ಒಂದು ಗೇಣಾದರೂ ಮೇಲಿರಲಿ.

● 20 ಅಡಿಗೊಂದು ಸಸಿ ನೆಟ್ಟರೆ ಎಕರೆಗೆ ಸುಮಾರು 110 ಮರ ಹಿಡಿಯುತ್ತವೆ. ನಾಲ್ಕು ಗುಂಟೆಯಲ್ಲಿ ಹತ್ತು ಮರಗಳಿಗೆ ಧಾರಾಳವಾಗಿ ಜಾಗವಿದೆ.

● ಬೆಳಗಾವಿಯಲ್ಲಿ ವರ್ಷಕ್ಕೆ ಸುಮಾರು 1,300 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಅದರ ದುಪ್ಪಟ್ಟಿಗೂ ಹೆಚ್ಚು. ನಿಂತ ನೀರಲ್ಲಿ ಫೈಟಾಫ್ತೊರಾ ಬೆಳೆದು ಬೇರು ಕೊಳೆಯುತ್ತದೆ, ಕಾಂಡದಿಂದ ಅಂಟು ಸೋರುತ್ತದೆ. ಇಲ್ಲಿ ತಗ್ಗು ಗದ್ದೆ ಬೇಡ. ಇಳಿಜಾರು ನೋಡಿ, ದಿಬ್ಬ ಮಾಡಿ ನೆಡಿ, ಬಸಿಗಾಲುವೆ ತೆಗೆಯಿರಿ.

● ಅಮೆರಿಕದ ರಿವರ್‌ಸೈಡ್ ಊರಿಗೆ 1873ರಲ್ಲಿ ತಂದ ಬೀಜರಹಿತ ನೇವಲ್ ಕಿತ್ತಳೆಯ ಮೂಲ ಮರ ಇಂದಿಗೂ ಬದುಕಿದೆ. ಇದೇ ಬುಡದ ರೋಗ ಅದಕ್ಕೂ ಬಂದಿತ್ತು. 1918ರಲ್ಲಿ ಸುತ್ತ ಹೊಸ ಸಸಿ ನೆಟ್ಟು, ಅವನ್ನು ಕಾಂಡಕ್ಕೆ ಕಸಿ ಕಟ್ಟಿ, ಮುದಿ ಮರಕ್ಕೆ ಹೊಸ ಬೇರು ಕೊಟ್ಟರು.

● ಈ ರೋಗಕ್ಕೆ ನಮ್ಮ ಕೈಯಲ್ಲಿರುವ ಮದ್ದು ಬೋರ್ಡೋ ಮುಲಾಮು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಬುಡದಿಂದ ಎರಡು-ಮೂರು ಅಡಿ ಎತ್ತರಕ್ಕೆ ಬಳಿಯಿರಿ.

● ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಹರಡಿರುತ್ತವೆ. ಮರದಡಿ ಆಳಕ್ಕೆ ಅಗೆದರೆ ಅವು ಕತ್ತರಿಸಿಹೋಗುತ್ತವೆ. ನೀರನ್ನು ಕಾಂಡಕ್ಕೆ ತಾಗಿಸದೆ ಎರಡು ಸುತ್ತಿನ ಪಾತಿಯ ಹೊರಸುತ್ತಿಗೆ ಬಿಡಿ.

● ಮರಕ್ಕೆ ಬಾಯಾರಿಸಿದರೆ ಹೂ ಬರುತ್ತದೆ. ಡಿಸೆಂಬರ್‌ನಲ್ಲಿ ನೀರು ನಿಲ್ಲಿಸಿ, ಎಲೆ ಬಾಡಿದಾಗ ಗೊಬ್ಬರ ಹಾಕಿ ನೀರು ಕೊಟ್ಟರೆ ಜನವರಿ-ಫೆಬ್ರುವರಿಯಲ್ಲಿ ಹೂ ಅರಳುತ್ತದೆ. ಇದೇ ಅಂಬೆ ಬಹಾರ. ಜೂನ್-ಜುಲೈನ ಹೂವು ಮೃಗ ಬಹಾರ. ಮಳೆ ಜೋರಿರುವ ನಮ್ಮ ಸೀಮೆಗೆ ಅಂಬೆ ಬಹಾರವೇ ಅನುಕೂಲ.

● ಕರಿಬೇವು, ಬಿಲ್ವ, ಬೇಲ ಎಲ್ಲವೂ ಕಿತ್ತಳೆಯ ನೆಂಟರೇ. ಮೋಸಂಬಿಗೆ ಗ್ರೀನಿಂಗ್ ರೋಗ ಹರಡುವ ಸಣ್ಣ ಜಿಗಿಹುಳು ಕರಿಬೇವಿನ ಚಿಗುರಿನಲ್ಲೂ ಬೆಳೆಯುತ್ತದೆ, ಆದ್ದರಿಂದ ಎರಡನ್ನೂ ಅಕ್ಕಪಕ್ಕ ನೆಡಬೇಡಿ. ಅಮೆರಿಕದ ಫ್ಲಾರಿಡಾದಲ್ಲಿ 2003-04ರಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು. 2022-23ರ ಹೊತ್ತಿಗೆ ಅದು ಎರಡು ಕೋಟಿಗೂ ಕೆಳಗಿಳಿಯಿತು. ದೊಡ್ಡ ಕಾರಣ ಇದೇ ರೋಗ.

● ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವುದು ನಿಂಬೆ ಚಿಟ್ಟೆಯ ಮರಿಹುಳು ಇರಬಹುದು. ಹತ್ತು ಮರದ ತೋಟಕ್ಕೆ ಔಷಧಿಯೇ ಬೇಡ, ಕೈಯಿಂದ ಆರಿಸಿದರೆ ಸಾಕು.

● ಖಾನಾಪುರದ ಕಡೆಯವರಿಗೆ ಇನ್ನೊಂದು ಎಚ್ಚರಿಕೆ: ರಾತ್ರಿ ಬಂದು ಮಾಗುವ ಹಣ್ಣಿಗೆ ಸೊಂಡಿಲು ಚುಚ್ಚಿ ರಸ ಹೀರುವ ಪತಂಗದ ಮರಿಗಳು ಬೆಳೆಯುವುದು ಅಮೃತಬಳ್ಳಿಯಂಥ ಕಾಡುಬಳ್ಳಿಗಳ ಮೇಲೆ. ಹಾಗಾಗಿ ಕಾಡಂಚಿನ ತೋಟಕ್ಕೆ ಕಾಟ ಹೆಚ್ಚು. ಹಣ್ಣಿಗೆ ಚೀಲ ಕಟ್ಟಿ, ಉದುರಿದ್ದನ್ನು ಆರಿಸಿ ಹೂಳಿ.

● ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಯನ್ನು, ಮಲೆನಾಡಿನವರ ಚಗಳಿಯನ್ನು, ಕಿತ್ತಳೆ ಮರದ ಕಾವಲಿಗೆ ಬಿಡುವ ಪದ್ಧತಿ ಚೀನಾದಲ್ಲಿತ್ತು. ಅದರ ಉಲ್ಲೇಖ ಕ್ರಿ.ಶ. 304ರ ಗ್ರಂಥದಲ್ಲೇ ಇದೆ.

● ಸಿಪ್ಪೆ ಹಸಿರಿದ್ದರೆ ಕಾಯಿ ಎಂದುಕೊಳ್ಳಬೇಡಿ. ಸಿಪ್ಪೆಗೆ ಬಣ್ಣ ಬರಲು ತಂಪು ರಾತ್ರಿಗಳು ಬೇಕು, ಬೆಚ್ಚಗಿನ ಊರಿನಲ್ಲಿ ಒಳಗೆ ಸಿಹಿ ತುಂಬಿದರೂ ಹೊರಗೆ ಹಸಿರು ಉಳಿಯುತ್ತದೆ.

● ಮಾವು, ಬಾಳೆ ಕಿತ್ತ ಮೇಲೂ ಹಣ್ಣಾಗುತ್ತವೆ, ಮೋಸಂಬಿ ಆಗುವುದಿಲ್ಲ. ಅಡೆ ಹಾಕಿದರೂ ಪ್ರಯೋಜನವಿಲ್ಲ. ಕೊಯ್ಯುವ ಮುಂಚೆ ಮರದ ನಾಲ್ಕೂ ಕಡೆಯಿಂದ ಒಂದೊಂದು ಕಿತ್ತು ತಿಂದು ನೋಡಿ. ಸಿಹಿ ಸಾಲದಿದ್ದರೆ ಇನ್ನು ಹದಿನೈದು ದಿನ ಮರದಲ್ಲೇ ಬಿಡಿ.