ಇಂಜಿನ್ ಬದಲಾದ ಜೀಪಿಗೆ ಆಲ್ಟರ್ನೇಟರ್ ಹಾಕುವಾಗ



ಮಲೆನಾಡಿನ ತೋಟಗಳ ಕಡೆ ಹೋದರೆ ಈಗಲೂ ಹಳೆಯ ಜೀಪುಗಳು ಕಣ್ಣಿಗೆ ಬೀಳುತ್ತವೆ. ಗೊಬ್ಬರ ಹೊರಲು, ಅಡಿಕೆ ಕೊನೆ ತರಲು, ಮಳೆಗಾಲದ ರಾತ್ರಿ ಕಾಯಿಲೆಯವರನ್ನು ಪೇಟೆ ಮುಟ್ಟಿಸಲು ಎಷ್ಟೋ ಮನೆಗಳಿಗೆ ಅದೇ ಗತಿ. ಇಂಥ ಗಾಡಿಗಳಲ್ಲಿ ಹಲವಕ್ಕೆ ಮೈ ಒಂದು, ಇಂಜಿನ್ ಇನ್ನೊಂದು. ಪೆಟ್ರೋಲಿನ ಖರ್ಚು ತಾಳಲಾರದೆ ಹಿಂದಿನ ಯಜಮಾನರು ಯಾರೋ ಡೀಸೆಲ್ ಇಂಜಿನ್ ಕೂರಿಸಿರುತ್ತಾರೆ. ಅಂಥ ಗಾಡಿಯ ಆಲ್ಟರ್ನೇಟರ್ ಕೆಟ್ಟಾಗ ಏನು ಮಾಡಬೇಕು? ಇವತ್ತು ಆ ವಿಚಾರ ನೋಡೋಣ.

ಇಂಜಿನ್ನಿನ ಪಕ್ಕದಲ್ಲಿ ಬೆಲ್ಟಿನಿಂದ ತಿರುಗುತ್ತಾ ಬ್ಯಾಟರಿಗೆ ಕರೆಂಟು ತುಂಬುವ ಯಂತ್ರವೇ ಆಲ್ಟರ್ನೇಟರ್. ನಮ್ಮ ಜನ ಹಳೆಯ ರೂಢಿಯಂತೆ ಇದನ್ನೂ ಡೈನಮೋ ಅಂತಲೇ ಕರೆಯುತ್ತಾರೆ. ಅದು ನಿಂತರೆ ಗಾಡಿ ಕೂಡಲೇ ನಿಲ್ಲುವುದಿಲ್ಲ. ಮೊದಲು ದೀಪ ಮಂಕಾಗುತ್ತದೆ, ಆಮೇಲೆ ಒಂದು ಬೆಳಿಗ್ಗೆ ಸ್ಟಾರ್ಟೇ ಆಗುವುದಿಲ್ಲ.

ಆದರೆ ಮಂಕಾದ ಕೂಡಲೇ ಬಿಚ್ಚಬೇಡಿ. ಬೆಲ್ಟು ಸಡಿಲವಾಗಿದೆಯೇ, ಬ್ಯಾಟರಿಯ ತುದಿಗಳಲ್ಲಿ ಬಿಳಿ ಕಿಲುಬು ಕಟ್ಟಿದೆಯೇ, ಇಂಜಿನ್ನಿನಿಂದ ಚಾಸಿಗೆ ಬರುವ ಅರ್ಥ್ ವೈರು ಸರಿಯಾಗಿದೆಯೇ ನೋಡಿ. ಇಂಜಿನ್ ಬದಲಿಸುವಾಗ ಈ ಅರ್ಥ್ ವೈರನ್ನು ಮರೆತುಬಿಡುವುದುಂಟು. ಆಮೇಲೆ ಮೀಟರ್ ಹಿಡಿಯಿರಿ. 12 ವೋಲ್ಟಿನ ಬ್ಯಾಟರಿ ತುಂಬಿದ್ದರೆ, ಇಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್ ತೋರಬೇಕು. ಇಂಜಿನ್ ಓಡುವಾಗ 13.8ರಿಂದ 14.4ರ ಸುಮಾರಿಗೆ ಏರಬೇಕು. ಏರದಿದ್ದರೆ ಚಾರ್ಜು ಆಗುತ್ತಿಲ್ಲ. 15 ದಾಟಿದರೆ ಅದೂ ಕೆಟ್ಟದ್ದೇ. ಬ್ಯಾಟರಿ ಕುದಿದು ಹಾಳಾಗುತ್ತದೆ.

ಕೆಟ್ಟಿರುವುದು ಆಲ್ಟರ್ನೇಟರೇ ಎಂದು ಖಾತ್ರಿಯಾಯಿತು ಅನ್ನಿ. ಅಂಗಡಿಗೆ ಹೋಗಿ ಗಾಡಿಯ ಹೆಸರು ಹೇಳಿ ಹೊಸದು ಕೇಳುವುದು ವಾಡಿಕೆ. ತಪ್ಪಾಗುವುದು ಇಲ್ಲಿಯೇ. ಆಲ್ಟರ್ನೇಟರ್ ಇಂಜಿನ್ನಿಗೆ ಸೇರಿದ್ದು, ಗಾಡಿಯ ಮೈಗಲ್ಲ. ಹೊಸ ಎತ್ತಿಗೆ ಹಳೆಯ ಎತ್ತಿನ ಗೊರಸಿನ ಅಳತೆ ಕೊಟ್ಟು ಲಾಳ ತಂದರೆ ಹೊಂದೀತೇ? ಆದುದರಿಂದ ಬಿಚ್ಚಿದ ಹಳೆಯದನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಪಕ್ಕದಲ್ಲಿಟ್ಟು ಹೋಲಿಸಿ ಕೊಳ್ಳಿ.

ಹೋಲಿಸಬೇಕಾದ್ದು ಇವು: ವೋಲ್ಟು ಒಂದೇ ಇರಬೇಕು, ತೀರ ಹಳೆಯ ಕೆಲವು ಜೀಪುಗಳು 6 ವೋಲ್ಟಿನವು, ಮಿಲಿಟರಿ ಹರಾಜಿನಲ್ಲಿ ಬಂದ ಕೆಲವು 24 ವೋಲ್ಟಿನವು. ಆಂಪಿಯರ್ ಹಳೆಯದಕ್ಕಿಂತ ಕಡಿಮೆ ಇರಬಾರದು. ಹೆಚ್ಚಿದ್ದರೆ ಅದಕ್ಕೆ ತಕ್ಕ ದಪ್ಪ ವೈರು ಬೇಕು. ಬೋಲ್ಟಿನ ತೂತು, ಪುಲ್ಲಿಯ ಅಳತೆ, ಬೆಲ್ಟಿನ ಗಾಡಿ, ತಿರುಗುವ ದಿಕ್ಕು ಎಲ್ಲವೂ ತಾಳೆಯಾಗಬೇಕು. ಡೀಸೆಲ್ ಇಂಜಿನ್ ನಿಧಾನವಾಗಿ ತಿರುಗುವಂಥದ್ದು. ಅದಕ್ಕೆ ದೊಡ್ಡ ಪುಲ್ಲಿ ಹಾಕಿದರೆ ಗಾಡಿ ಮೆಲ್ಲಗೆ ಹೋಗುವಾಗ ಚಾರ್ಜು ಸಾಲದು.

ಈಗ ಹೇಳುವುದನ್ನು ಮಾತ್ರ ಗಮನವಿಟ್ಟು ಕೇಳಿ. ಹಲವು ಡೀಸೆಲ್ ಇಂಜಿನ್ನುಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ಒಂದು ಸಣ್ಣ ಪಂಪು ಇರುತ್ತದೆ. ಅದು ವ್ಯಾಕ್ಯೂಮ್ ಪಂಪು. ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ. ಅದು ಇರುವುದು ಬ್ರೇಕಿನ ಬೂಸ್ಟರಿಗೆ ಬಲ ಕೊಡಲು. ನೋಡಲು ಒಂದೇ ಥರ ಇದೆ, ಬೆಲೆಯೂ ಕಡಿಮೆ ಎಂದು ಪಂಪಿಲ್ಲದ್ದನ್ನು ತಂದು ಹಾಕಿದಿರೋ, ದೀಪವೇನೋ ಚೆನ್ನಾಗಿ ಉರಿಯುತ್ತದೆ; ಬ್ರೇಕಿನ ಪೆಡಲು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಹೊರೆ ಹೇರಿಕೊಂಡು ಘಾಟಿ ಇಳಿಯುವಾಗ ಅದು ಪ್ರಾಣಕ್ಕೇ ಸಂಚಕಾರ. ಈ ಪಂಪಿಗೆ ಇಂಜಿನ್ನಿನಿಂದ ಆಯಿಲ್ ಬರುವ ಪೈಪೊಂದು, ವಾಪಸು ಹೋಗುವ ಪೈಪೊಂದು ಇರುತ್ತವೆ. ಎರಡನ್ನೂ ಮಡಿಕೆ ಬೀಳದಂತೆ ಜೋಡಿಸಿ. ಸ್ಟಾರ್ಟ್ ಮಾಡುವ ಮುಂಚೆ ಪಂಪಿನ ಬಾಯಿಗೆ ನಾಲ್ಕು ತೊಟ್ಟು ಶುದ್ಧ ಇಂಜಿನ್ ಆಯಿಲ್ ಬಿಡಿ. ಒಣಗಿದ ಪಂಪು ಹಿಡಿದುಕೊಳ್ಳುತ್ತದೆ.

ಜೋಡಿಸುವ ಕ್ರಮ ಹೀಗೆ. ಮೊಟ್ಟಮೊದಲು ಬ್ಯಾಟರಿಯ ಅರ್ಥ್ ವೈರು ಬಿಚ್ಚಿ. ಆಲ್ಟರ್ನೇಟರಿನ ದಪ್ಪ ವೈರಿನಲ್ಲಿ ಕೀಲಿ ತೆಗೆದಿದ್ದರೂ ಕರೆಂಟು ಇರುತ್ತದೆ. ಸ್ಪ್ಯಾನರ್ ತಗುಲಿದರೆ ಕಿಡಿ ಹಾರುತ್ತದೆ. ಯಾವ ವೈರು ಎಲ್ಲಿತ್ತು ಎಂದು ದಾರ ಕಟ್ಟಿ ಗುರುತು ಮಾಡಿ. ಇಂಜಿನ್ ಬದಲಾದ ಗಾಡಿಯಲ್ಲಿ ವೈರಿನ ಬಣ್ಣವನ್ನು ನಂಬುವಂತಿಲ್ಲ. ಎರಡು ಪುಲ್ಲಿಗಳೂ ಒಂದೇ ನೇರದಲ್ಲಿ ಕೂರಲಿ. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 1 ಸೆಂಟಿಮೀಟರ್ ತಗ್ಗಲಿ. ಹಳೆಯ ಕೆಲವು ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಅರ್ಥ್ ಆಗಿರುತ್ತದೆ. ಅದನ್ನು ನೋಡದೆ ಜೋಡಿಸಿದರೆ ಒಳಗಿನ ಡಯೋಡುಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರು ಕಿತ್ತು ಪರೀಕ್ಷೆ ಮಾಡುವ ಚಾಳಿಯೂ ಬೇಡ; ಅದರಿಂದಲೂ ಡಯೋಡು ಸುಡುತ್ತದೆ.

ಕೊನೆಗೆ ಎರಡು ಪರೀಕ್ಷೆ. ಒಂದು, ಮೀಟರ್ ಹಿಡಿದು ಚಾರ್ಜು ನೋಡುವುದು. ಇನ್ನೊಂದು ಬ್ರೇಕಿನದು. ಇಂಜಿನ್ ನಿಲ್ಲಿಸಿ, ಪೆಡಲು ಗಟ್ಟಿಯಾಗುವವರೆಗೆ ನಾಲ್ಕೈದು ಬಾರಿ ಒತ್ತಿ. ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲು ತಾನಾಗಿ ಸ್ವಲ್ಪ ಕೆಳಗಿಳಿದರೆ ಪಂಪು ಕೆಲಸ ಮಾಡುತ್ತಿದೆ ಎಂದರ್ಥ. ಇಳಿಯದಿದ್ದರೆ ಗಾಡಿಯನ್ನು ಅಂಗಳದಿಂದ ಆಚೆ ತೆಗೆಯಬೇಡಿ.

ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಗಾಡಿಯ ಮಾರ್ಪಾಡಿಗೆ ಸಂಬಂಧಿಸಿದ್ದು 52ನೇ ಕಲಮು. ಇಂಜಿನ್ ಬದಲಾಗಿದ್ದರೆ ಆರ್.ಟಿ.ಓ. ಕಚೇರಿಯ ಒಪ್ಪಿಗೆ ಪಡೆದು ಆರ್.ಸಿ.ಯಲ್ಲಿ ಬರೆಸಿರಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆಯ ಹಣಕ್ಕೂ ತೊಡಕಾದೀತು. ಈಗಿರುವ ಇಂಜಿನ್ನಿನ ನಂಬರು, ಆಲ್ಟರ್ನೇಟರ್ ಮತ್ತು ಬೆಲ್ಟಿನ ನಂಬರು, ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಗಾಡಿಯಲ್ಲೇ ಇಡಿ. ಮುಂದೆ ಮಕ್ಕಳು ಓಡಿಸುವ ಕಾಲಕ್ಕೆ ಆ ಚೀಟಿಯೇ ದಾರಿ ತೋರಿಸುತ್ತದೆ.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಒಂದು ಗಳಿಗೆ ತಾಳಿ, ಹೋಲಿಸಿ ನೋಡಿ, ಆಮೇಲೆ ಕೊಳ್ಳಿ.