ಆದಾಯ ಮೀರಿದ ಆಸ್ತಿ, ಕೈಯಲ್ಲಿ ಏರ್‌ಪೋರ್ಟ್ ಪಾಸ್: ಹಾಂಗ್‌ಕಾಂಗ್ ಪೊಲೀಸ್ ಅಧಿಕಾರಿ ಪರಾರಿಯಾಗಿದ್ದು ಹೇಗೆ?

ಭ್ರಷ್ಟ ಅಧಿಕಾರಿ ವಿದೇಶಕ್ಕೆ ಪರಾರಿಯಾದಾಗಲೆಲ್ಲ ಜನ ಕೇಳುವ ಪ್ರಶ್ನೆ ಒಂದೇ: ಎಲ್ಲಿದ್ದಾನೆಂದು ಗೊತ್ತಿದ್ದರೂ ಹಿಡಿದು ತರಲು ಏಕೆ ಆಗುವುದಿಲ್ಲ? ಇದಕ್ಕೆ ಉತ್ತರ 1973ರ ಪೀಟರ್ ಗಾಡ್ಬರ್ ಪ್ರಕರಣದಲ್ಲಿದೆ.

ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಹಾಂಗ್‌ಕಾಂಗ್‌ನಲ್ಲಿ ಗಾಡ್ಬರ್ ಚೀಫ್ ಸೂಪರಿಂಟೆಂಡೆಂಟ್ ಆಗಿದ್ದರು. ಅವರ ಬಳಿ 43 ಲಕ್ಷ ಹಾಂಗ್‌ಕಾಂಗ್ ಡಾಲರ್‌ಗೂ ಹೆಚ್ಚು ಆಸ್ತಿ ಪತ್ತೆಯಾಯಿತು. ಇದು 1952ರಿಂದ ಅವರು ಪಡೆದ ಒಟ್ಟು ಸಂಬಳದ ಸುಮಾರು ಆರು ಪಟ್ಟು!

ಗಡುವೇ ದಾರಿಯಾಯಿತು

ಆಸ್ತಿಯ ಮೂಲ ತಿಳಿಸಲು ಅಟಾರ್ನಿ ಜನರಲ್ ಗಾಡ್ಬರ್‌ಗೆ ಒಂದು ವಾರದ ಗಡುವು ನೀಡಿದರು. ಅಷ್ಟು ಸಮಯ ಸಾಕಾಯಿತು. ಜೂನ್ 8ರಂದು ತಮ್ಮ ಪೊಲೀಸ್ ಏರ್‌ಪೋರ್ಟ್ ಪಾಸ್ ಬಳಸಿ, ವಲಸೆ ತಪಾಸಣೆ ತಪ್ಪಿಸಿ ವಿಮಾನವೇರಿದ ಅವರು ಸಿಂಗಾಪುರದ ಮೂಲಕ ಲಂಡನ್ ಸೇರಿದರು.

ಬ್ರಿಟನ್ ಏಕೆ ಒಪ್ಪಿಸಲಿಲ್ಲ?

ಆರೋಪಿಯನ್ನು ಹಸ್ತಾಂತರಿಸಬೇಕಾದರೆ ಆ ಕೃತ್ಯ ಎರಡೂ ಕಡೆ ಅಪರಾಧವಾಗಿರಬೇಕು. ಆದಾಯ ಮೀರಿದ ಆಸ್ತಿ ಹೊಂದುವುದು ಹಾಂಗ್‌ಕಾಂಗ್‌ನಲ್ಲಿ ಅಪರಾಧವಾಗಿತ್ತು, ಬ್ರಿಟನ್ನಿನಲ್ಲಿ ಆಗಿರಲಿಲ್ಲ. ಹೀಗಾಗಿ ಗಾಡ್ಬರ್ ತಾಯ್ನಾಡಿನಲ್ಲಿ ಆರಾಮಾಗಿದ್ದರು. ಭಾರತದ ಹಸ್ತಾಂತರ ಒಪ್ಪಂದಗಳಲ್ಲೂ ಸಾಮಾನ್ಯವಾಗಿ ಇದೇ ಷರತ್ತು ಇರುತ್ತದೆ.

ಜನ ಬೀದಿಗಿಳಿದರು

'ಭ್ರಷ್ಟಾಚಾರ ಅಳಿಸಿ, ಗಾಡ್ಬರ್‌ನನ್ನು ಬಂಧಿಸಿ' ಎಂದು ಹಾಂಗ್‌ಕಾಂಗ್‌ನಲ್ಲಿ ಪ್ರತಿಭಟನೆಗಳು ನಡೆದವು. ಅಲ್ಲಿಯವರೆಗೆ ಲಂಚದ ತನಿಖೆ ನಡೆಸುತ್ತಿದ್ದದ್ದು ಪೊಲೀಸ್ ಇಲಾಖೆಯದ್ದೇ ವಿಭಾಗ. ಅಂದರೆ ಬೇಲಿಯೇ ಹೊಲ ಮೇಯ್ದರೆ ವಿಚಾರಿಸಬೇಕಾದದ್ದೂ ಬೇಲಿಯೇ. ಗವರ್ನರ್ ಮುರ‍್ರೇ ಮ್ಯಾಕ್‌ಲೆಹೋಸ್ ಅವಧಿಯಲ್ಲಿ, 1974ರ ಫೆಬ್ರವರಿಯಲ್ಲಿ ಪೊಲೀಸರಿಂದ ಪ್ರತ್ಯೇಕವಾದ ಭ್ರಷ್ಟಾಚಾರ ನಿಗ್ರಹ ಆಯೋಗ (ಐಸಿಎಸಿ) ಅಸ್ತಿತ್ವಕ್ಕೆ ಬಂತು.

ಬೀಗ ತೆರೆದ ಕೀಲಿ

ಆಯೋಗ ದಾರಿ ಬದಲಿಸಿತು. ಒಟ್ಟು ಆಸ್ತಿಯ ಲೆಕ್ಕ ಬದಿಗಿಟ್ಟು, ಸಾಬೀತುಪಡಿಸಬಹುದಾದ ಒಂದು ಲಂಚ ಹುಡುಕಿತು. ವಾನ್ ಚಾಯ್ ಠಾಣೆಯ ಹುದ್ದೆ ಕೊಡಿಸಲು ಗಾಡ್ಬರ್ ಮತ್ತೊಬ್ಬ ಅಧಿಕಾರಿಯಿಂದ 25 ಸಾವಿರ ಡಾಲರ್ ಪಡೆದಿದ್ದಕ್ಕೆ ಸಾಕ್ಷಿ ಸಿಕ್ಕಿತು. ಲಂಚ ಬ್ರಿಟನ್ನಿನಲ್ಲೂ ಅಪರಾಧ! 1974ರ ಏಪ್ರಿಲ್‌ನಲ್ಲಿ ಅಲ್ಲೇ ಅವರ ಬಂಧನವಾಯಿತು. 1975ರ ಜನವರಿಯಲ್ಲಿ ಹಾಂಗ್‌ಕಾಂಗ್‌ಗೆ ಕರೆತರಲಾಯಿತು. ವಿಚಾರಣೆ ನಡೆದು 4 ವರ್ಷ ಜೈಲು ಶಿಕ್ಷೆಯಾಯಿತು.

43 ಲಕ್ಷದ ಆಸ್ತಿ ಗಾಡ್ಬರ್ ಅವರನ್ನು ವಾಪಸ್ ತರಲಿಲ್ಲ, 25 ಸಾವಿರದ ಲಂಚ ತಂದಿತು. ಪರಾರಿಯಾದವರನ್ನು ಕರೆತರಲು ಆರೋಪ ಎಷ್ಟು ದೊಡ್ಡದು ಎನ್ನುವುದಕ್ಕಿಂತ, ಆಶ್ರಯ ಕೊಟ್ಟ ದೇಶದ ಕಾನೂನಿನಲ್ಲಿ ಅದು ನಿಲ್ಲುತ್ತದೆಯೇ ಎನ್ನುವುದೇ ಮುಖ್ಯ.