ಜಪಾನೀ ಖಡ್ಗದ ಆಭರಣಗಳು

ಜಪಾನಿನ ಖಡ್ಗವೆಂದೊಡನೆ ನಾವು ನೆನೆಯುವುದು ಅದರ ಅಲಗನ್ನು. ಅಲಗಿನ ಬೆನ್ನಿಗೆ ದಪ್ಪನಾಗಿಯೂ ಬಾಯಿಗೆ ತೆಳ್ಳಗೂ ಜೇಡಿಮಣ್ಣು ಬಳಿದು, ಕೆಂಪಗೆ ಕಾಯಿಸಿ ನೀರಿಗದ್ದಿದಾಗ ಬಾಯಿ ಬೇಗ ತಣಿದು ಗಡುಸಾಗುತ್ತದೆ. ಬೆನ್ನು ನಿಧಾನವಾಗಿ ತಣಿದು ಮೃದುತ್ವವನ್ನು ಉಳಿಸಿಕೊಳ್ಳುತ್ತದೆ. ಇವೆರಡರ ಗಡಿಯಲ್ಲಿ ಮೂಡುವ ಮಂಜಿನಂಥ ರೇಖೆಯೇ ಹಾಮೋನ್. ಇದನ್ನು ಕೊಂಡಾಡಿದವರು ಅನೇಕರು. ಆದರೆ ಅಲಗಿಗೆ ತೊಡಿಸಿದ ಲೋಹದ ಉಪಾಂಗಗಳನ್ನು ಬರಿಯ ಅಲಂಕಾರವೆಂದು ಬದಿಗಿಡುವುದು ನ್ಯಾಯವೆಂದು ನನಗೆ ತೋರದು. ಯುದ್ಧ ನಿಂತ ಕಾಲದಲ್ಲಿ ಖಡ್ಗಕಲೆಯ ಜೀವಂತಿಕೆ ಬಹುಮಟ್ಟಿಗೆ ಇವುಗಳಲ್ಲಿಯೇ ಹರಿಯಿತು.

ಇವುಗಳಲ್ಲಿ ಮುಖ್ಯವಾದುದು ತ್ಸುಬಾ. ಎಂದರೆ ಅಲಗಿಗೂ ಹಿಡಿಗೂ ನಡುವೆ ಕೂಡುವ, ಸುಮಾರು 3 ಅಂಗುಲ ವ್ಯಾಸದ ಬಿಲ್ಲೆ. ನಡುವಣ ರಂಧ್ರ ಅಲಗಿನ ಬುಡಕ್ಕೆ. ಪಕ್ಕದವು ಒರೆಯಲ್ಲಿ ಸಿಕ್ಕಿಸಿದ ಕಿರುಗತ್ತಿಗೂ ಕೂದಲು ತಿದ್ದುವ ಕಡ್ಡಿಗೂ ದಾರಿ. ಉಳಿದ ಅಂಗೈಯಗಲದೊಳಗೆ ಕೊಕ್ಕರೆಯೋ ಮಳೆಯೋ ಹಿಡಿಸಬೇಕು!

15ನೆಯ ಶತಮಾನದಲ್ಲಿ ಆಶಿಕಾಗ ಯೋಶಿಮಾಸನ ಆಶ್ರಯ ಪಡೆದ ಗೋತೋ ಯೂಜೋನಿಂದ ಮೊದಲಾದ ಮನೆತನವು 17 ತಲೆಮಾರುಗಳ ಕಾಲ ಈ ಕಸುಬನ್ನು ನಡೆಸಿತು. ಅವರ ಮೆಚ್ಚಿನ ಲೋಹ ಶಾಕುದೋ. ತಾಮ್ರಕ್ಕೆ ನೂರರಲ್ಲಿ ಕೆಲವೇ ಪಾಲು ಚಿನ್ನ ಬೆರೆಸಿ, ತಾಮ್ರಲವಣಗಳ ದ್ರಾವಣದಲ್ಲಿ ಕುದಿಸಿದರೆ ಕಾಗೆಯ ರೆಕ್ಕೆಯ ನೀಲಗಪ್ಪು ಬರುತ್ತದೆ. ಚಿನ್ನವನ್ನು ಕಪ್ಪಾಗುವುದಕ್ಕಾಗಿ ಬೆರೆಸುವ ಈ ಐಶ್ವರ್ಯದ ಸಂಯಮ ಗಮನಾರ್ಹ. ಆ ಕಪ್ಪಿನ ಮೇಲೆ ಮೀನಿನ ಮೊಟ್ಟೆಗಳಂತೆ ಸಣ್ಣ ಗುಂಡುಮಣಿಗಳನ್ನು ಸಾಲುತಪ್ಪದೆ ಒತ್ತುತ್ತಿದ್ದರು.

1603ರಿಂದಾಚೆ ತೊಕುಗಾವ ಆಳ್ವಿಕೆಯ ದೀರ್ಘಶಾಂತಿಯಲ್ಲಿ ಖಡ್ಗವು ಆಯುಧಕ್ಕಿಂತ ಹೆಚ್ಚಾಗಿ ಅಂತಸ್ತಿನ ಗುರುತಾಯಿತು. ಯೊಕೊಯ ಸೋಮಿನ್ (1670-1733) ಶೋಗುನರ ಸೇವೆಯನ್ನು ಬಿಟ್ಟು ಪೇಟೆಯ ಕುಶಲಿಯಾಗಿ ನಿಂತನು. ಉಳಿಯ ಒಂದು ಬದಿ ನೆಟ್ಟಗೆ, ಇನ್ನೊಂದು ಬದಿ ಓರೆಯಾಗಿ ಇಳಿಯುವಂತೆ ಕೊರೆದು, ಕುಂಚದ ಗೆರೆಯ ಉಬ್ಬುತಗ್ಗುಗಳನ್ನು ಲೋಹಕ್ಕಿಳಿಸಿದ ಕೀರ್ತಿ ಇವನದು.

1876ರ ಮಾರ್ಚಿಯಲ್ಲಿ ಹೊರಟ ಆಜ್ಞೆಯೊಂದು ಸೈನಿಕರು, ಪೋಲೀಸರು ಮುಂತಾದ ಕೆಲವರನ್ನುಳಿದು ಯಾರೂ ಖಡ್ಗ ಧರಿಸಕೂಡದೆಂದಿತು. ತಲೆಮಾರುಗಳ ವಿದ್ಯೆಗೆ ಗಿರಾಕಿಯೇ ಇಲ್ಲದಾಯಿತು. ಅನೇಕರು ಹೂದಾನಿ, ಧೂಪಪಾತ್ರೆಗಳನ್ನು ಮಾಡಿ ವಿದೇಶಗಳಿಗೆ ಮಾರತೊಡಗಿದರು. ಕಾನೋ ನಾತ್ಸುವೊ (1828-1898) ಮೇಜಿ ಸರ್ಕಾರದ ಹೊಸ ನಾಣ್ಯಗಳಿಗೆ ಮಾದರಿ ಕೆತ್ತಿದ್ದವನು. 1890ರಲ್ಲಿ ತೋಕಿಯೋ ಕಲಾಶಾಲೆಯ ಪ್ರಾಧ್ಯಾಪಕನಾದನು. ಅಂಥ ಅದೃಷ್ಟ ಎಲ್ಲರದಾಗಲಿಲ್ಲ.

ಕಳಚಿದ ಆಭರಣಗಳು ಪರದೇಶೀ ಸಂಗ್ರಾಹಕರ ಪಾಲಾದುವು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿಯೂ ಬಾಸ್ಟನ್ನಿನಲ್ಲಿಯೂ ತ್ಸುಬಾಗಳು ಅಲಗಿಲ್ಲದೆ, ನಡುವಣ ರಂಧ್ರ ಬರಿದಾಗಿ ಕುಳಿತಿವೆ. ಅಲಗುಗಳನ್ನಾದರೋ ಯಾವ ಕೆತ್ತನೆಯೂ ಇಲ್ಲದ ಬಿಳಿಮರದ ಒರೆಯಲ್ಲಿ ಕಾಪಿಡುವುದೇ ವಾಡಿಕೆ.